‘ಫೋಟೋದಲ್ಲಿರುವ ಹೂವೇ ಬರುತ್ತೆ’ ಅಂತ ಅಡೆನಿಯಂ ಬೀಜ ಮಾರುವವರ ಬಗ್ಗೆ ಎಚ್ಚರ

ಆನ್‌ಲೈನ್‌ನಲ್ಲಿ ಅಡೆನಿಯಂ (ದಪ್ಪ ಬುಡದ ಹೂಗಿಡ) ಬೀಜ ತರಿಸುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಓದಿ.

ನಾನು ತರಿಸಿದ ಪ್ಯಾಕೆಟ್ ಮೇಲೆ ಮೂರು ಸುತ್ತು ಎಸಳಿನ ಹೂವಿನ ಫೋಟೋ ಇತ್ತು. ಕಡು ನೇರಳೆ ಬಣ್ಣ, ಎಸಳಿನ ಅಂಚಿಗೆ ತೆಳ್ಳನೆ ಬಿಳಿ ಗೆರೆ. ‘ನೂರಕ್ಕೆ ನೂರು ಇದೇ ಹೂವು’ ಅಂತ ಮಾರಿದವರು ಬರೆದೇ ಕೊಟ್ಟಿದ್ದರು. ಬೀಜವೇನೋ ಅಡೆನಿಯಂದೇ. ಎರಡೂ ತುದಿಯಲ್ಲಿ ಕೂದಲಿನ ಕುಚ್ಚು ಇರುವ, ಉದ್ದುದ್ದ ಸಣ್ಣ ಬೀಜ. ಚೆನ್ನಾಗಿ ಮೊಳೆತವು, ಬುಡವೂ ದಪ್ಪ ಆಯ್ತು. ಹೂ ಬಿಟ್ಟಾಗ ನೋಡಿದರೆ ಎಲ್ಲದರಲ್ಲೂ ಐದೇ ಎಸಳು. ಒಂದು ತಿಳಿ ಗುಲಾಬಿ, ಇನ್ನೊಂದು ಕೆಂಪಂಚಿನ ಬಿಳಿ, ಮತ್ತೊಂದರ ಹಳದಿ ಗಂಟಲಲ್ಲಿ ಕೆಂಪು ಗೆರೆಗಳು. ನೇರಳೆ ಹುಡುಕಿದರೂ ಇಲ್ಲ.

ಕೇಳಿದ್ದಕ್ಕೆ ಬಂದ ಉತ್ತರ: ‘ಬಿಸಿಲು ಸಾಲಿಲ್ಲ, ಪೊಟ್ಯಾಶ್ ಹಾಕಿ, ಮುಂದಿನ ಸಲ ಸರಿಯಾಗುತ್ತೆ.’ ಈ ಮಾತು ನಂಬಿ ಗೊಬ್ಬರಕ್ಕೆ ಇನ್ನಷ್ಟು ದುಡ್ಡು ಸುರಿಯಬೇಡಿ. ಬಿಸಿಲು, ಗೊಬ್ಬರದಿಂದ ಬಣ್ಣ ಸ್ವಲ್ಪ ಗಾಢ ಆಗಬಹುದು, ಹೂ ಜಾಸ್ತಿ ಬಿಡಬಹುದು. ತಿಳಿ ಗುಲಾಬಿ ಬಿಡುವ ಗಿಡ ನೇರಳೆ ಗಿಡ ಆಗಲ್ಲ.

ವಿಷಯ ಇಷ್ಟೇ. ಫೋಟೋದಲ್ಲಿದ್ದದ್ದು ಹಲವು ಸಲ ಬೆರಕೆ ಮಾಡಿ ಆರಿಸಿದ ಹೈಬ್ರಿಡ್. ಅದರ ಬೀಜದಲ್ಲಿ ಅಜ್ಜ ಮುತ್ತಜ್ಜಿಯರ ಗುಣಗಳೆಲ್ಲ ಮತ್ತೆ ಕಲಸಿಹೋಗುತ್ತವೆ, ಜೊತೆಗೆ ಪರಾಗ ಯಾವ ಗಿಡದ್ದು ಅಂತಲೂ ಗೊತ್ತಿರಲ್ಲ, ಹಾಗಾಗಿ ಒಂದೇ ಕಾಯಿಯ ಬೀಜದಿಂದ ಬಂದ ಸಸಿಗಳೂ ಒಂದೊಂದು ಥರ. ಸಂಜೆಮಲ್ಲಿಗೆಯಲ್ಲಿ ಇದನ್ನು ಸುಲಭವಾಗಿ ನೋಡಬಹುದು. ಅಪ್ಪಟ ಕೆಂಪು, ಅಪ್ಪಟ ಬಿಳಿ ಗಿಡ ಬೆರೆಸಿದರೆ ಮಕ್ಕಳೆಲ್ಲ ಗುಲಾಬಿ ಬಣ್ಣ. ಆ ಗುಲಾಬಿ ಗಿಡದ್ದೇ ಪರಾಗದಿಂದ ಕಟ್ಟಿದ ಬೀಜ ಬಿತ್ತಿದರೆ ಸುಮಾರು ಕಾಲು ಭಾಗ ಕೆಂಪು, ಕಾಲು ಭಾಗ ಬಿಳಿ, ಅರ್ಧ ಮಾತ್ರ ಗುಲಾಬಿ. ಅಲ್ಲಿ ಲೆಕ್ಕ ಒಂದೇ ಜೀನಿನದ್ದು. ಅಡೆನಿಯಂನಲ್ಲಿ ಬಣ್ಣ, ಅಂಚು, ಸುತ್ತು ಎಲ್ಲ ಒಂದೇ ಸಸಿಯಲ್ಲಿ ಹಾಗೇ ಕೂಡಿಬರಬೇಕು ಅಂದರೆ ಎಷ್ಟು ಕಷ್ಟ, ಯೋಚಿಸಿ! ಬೀಜ ಮಾರುವವರಿಗೆ ಇದು ಗೊತ್ತಿರುತ್ತೆ, ಅದಕ್ಕೇ ನನಗೆ ಇಷ್ಟು ಸಿಟ್ಟು.

ಎಫ್1 (ಮೊದಲ ತಲೆಮಾರಿನ ಹೈಬ್ರಿಡ್) ಅಂತ ಬರುವ ಪೆಟೂನಿಯಾ ಹೂವಿನ ಬೀಜದ ಕಥೆ ಬೇರೆ. ಶುದ್ಧವಾಗಿ ಕಾಪಾಡಿದ ಎರಡು ತಳಿಗಳನ್ನು ಪ್ರತಿ ಸಲ ಹೊಸದಾಗಿ ಬೆರೆಸಿ ಆ ಬೀಜ ಮಾಡುತ್ತಾರೆ, ಆದ್ದರಿಂದ ಹೂ ಒಂದೇ ಥರ ಬರುತ್ತೆ. ಆ ಗಿಡಗಳಿಂದ ಬಿಡಿಸಿದ ಬೀಜವನ್ನೂ ‘ಎಫ್1’ ಅಂತಲೇ ಮಾರುವವರಿದ್ದಾರೆ, ಹುಷಾರು.

ನನಗೆ ಹಣ ವಾಪಸ್ ಬರಲಿಲ್ಲ, ಆ ಫೋಟೋ ಹಾಗೇ ಇದೆ. ಬಗೆಬಗೆ ಹೂ ಬಂದರೂ ಖುಷಿ ಅನ್ನುವವರು ಬೀಜ ತಗೊಳ್ಳಿ, ಅದರಲ್ಲೂ ಚಂದದ ಹೂ ಸಿಗಬಹುದು. ಅದೇ ಹೂ ಬೇಕು ಅಂದರೆ ಕಸಿ ಗಿಡವನ್ನೇ ಕೇಳಿ, ಆದರೆ ಹೂ ಬಿಟ್ಟಿರುವಾಗಲೇ ನೋಡಿ ತಗೊಳ್ಳಿ. ಕಸಿ ಕಟ್ಟಿದ ಜಾಗದ ಕೆಳಗಿನಿಂದ ಚಿಗುರು ಬಂದರೆ ಚಿವುಟಿಬಿಡಿ, ಅದು ಬೇರಿನ ಗಿಡದ್ದು, ಅದರ ಹೂವೇ ಬೇರೆ.