ಬೆಂಗಳೂರು–ಮೈಸೂರು ಹಳೆಯ ರಸ್ತೆ: ಚಿಕ್ಕ ಮಕ್ಕಳಿದ್ದರೆ ಎಲ್ಲಿ ಇಳಿಯಬೇಕು, ಎಲ್ಲಿ ಇಳಿಯಬಾರದು

ನಾನು ಸರ್ಕಾರಿ ಬಸ್ಸಿನ ಚಾಲಕನಾಗಿ ನಿವೃತ್ತನಾದವನು. ಬೆಂಗಳೂರು–ಮೈಸೂರು ರಸ್ತೆಯ ಉಬ್ಬು, ತಿರುವು, ಹುಣಸೆಮರಗಳೆಲ್ಲ ಬಾಯಿಪಾಠವಾಗುವಷ್ಟು ಕಾಲ ಸ್ಟಿಯರಿಂಗ್ ಹಿಡಿದಿದ್ದೇನೆ. ಈಗ ಅದೇ ದಾರಿಯಲ್ಲಿ ಮಗ ಕಾರು ಓಡಿಸುತ್ತಾನೆ. ನಾನು ಹಿಂದೆ ಆರು ವರ್ಷದ ಮೊಮ್ಮಗಳಿಗೂ ಮೂರು ವರ್ಷದ ಮೊಮ್ಮಗನಿಗೂ ನಡುವೆ ಸಿಕ್ಕಿಕೊಂಡು ಕೂರುತ್ತೇನೆ. ಬಸ್ಸಿನ ತುಂಬಾ ಜನರನ್ನು ಜಾತ್ರೆಯ ದಿನ ಕರೆದೊಯ್ಯುವುದು ಇದಕ್ಕಿಂತ ಸುಲಭವಾಗಿತ್ತು. ಮಕ್ಕಳನ್ನು ಕಟ್ಟಿಕೊಂಡು ಮೈಸೂರಿಗೆ ಹೊರಟವರು ದಾರಿಯಲ್ಲಿ ಎಲ್ಲಿ ನಿಲ್ಲಬೇಕು ಎಂದು ನಮ್ಮ ಬೀದಿಯವರು ನನ್ನನ್ನೇ ಕೇಳುತ್ತಾರೆ. ಪ್ರತಿಯೊಬ್ಬರಿಗೂ ಹೇಳಿ ಸಾಕಾಗಿ ಬರೆಯುತ್ತಿದ್ದೇನೆ.

ನನ್ನ ಅಳತೆಗೋಲು ಹಳೆಯದು. ಗಾಡಿ ನಿಲ್ಲಿಸಲು ನೆರಳಿದೆಯೇ? ಶೌಚಾಲಯದ ಬಾಗಿಲಿಗೆ ಚಿಲಕವಿದೆಯೇ? ಮಕ್ಕಳು ಹತ್ತು ನಿಮಿಷ ಓಡಲು ರಸ್ತೆಯಿಂದ ದೂರದ ಜಾಗವಿದೆಯೇ? ಈ ಮೂರಕ್ಕೆ ಉತ್ತರ ಸಿಕ್ಕಿದ ಮೇಲೆ ಶಿಲ್ಪಕಲೆ, ಇತಿಹಾಸ, ಪ್ರಕೃತಿ ಸೌಂದರ್ಯದ ಮಾತು. ಪ್ರವಾಸಿ ಪುಸ್ತಕಗಳು ಇದನ್ನು ತಲೆಕೆಳಗಾಗಿ ಬರೆಯುತ್ತವೆ.

2023ರ ಮಾರ್ಚ್‌ನಲ್ಲಿ ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವೂ ಒಂದೋ ಬೈಪಾಸಿನ ಆಚೆ, ಇಲ್ಲವೇ ಮೇಲ್ಸೇತುವೆಯ ಕೆಳಗೆ ಉಳಿದುಬಿಟ್ಟವು. ಮೈಸೂರು ಒಂದೂವರೆ ಗಂಟೆಯ ದಾರಿಯಾಗಿದೆ, ಸರಿ. ಆದರೆ ಎರಡೂ ಬದಿಗೆ ಬೇಲಿ ಹಾಕಿದ ರಸ್ತೆಯಲ್ಲಿ, ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ, ಮೂರು ವರ್ಷದವನು "ತಾತ, ಒಂದಕ್ಕೆ" ಎಂದರೆ ಎಲ್ಲಿ ನಿಲ್ಲಿಸುತ್ತೀರಿ? ಅವನಿಗೆ ಮುಂದಿನ ನಿರ್ಗಮನ ಎಷ್ಟು ದೂರವಿದೆ ಎಂಬುದರಲ್ಲಿ ಆಸಕ್ತಿಯಿಲ್ಲ. ಹೋಗುವಾಗ ಹಳೆಯ ರಸ್ತೆ, ಬರುವಾಗ ಹೊಸ ರಸ್ತೆ ಎಂಬುದು ನಮ್ಮ ಮನೆಯ ಕಾನೂನು. ಬೆಳಿಗ್ಗೆ ಏಳರೊಳಗೆ ಕೆಂಗೇರಿ ದಾಟಿದರೆ ಮುಂದಿನದೆಲ್ಲ ಸಲೀಸು.

ಮೊದಲ ನಿಲುಗಡೆ ಬಿಡದಿ, ತಟ್ಟೆ ಇಡ್ಲಿಗೆ. ಚಿಕ್ಕ ಮಕ್ಕಳಿಗೆ ಈ ರಸ್ತೆಯಲ್ಲಿ ಸಿಗುವ ಎಲ್ಲ ತಿಂಡಿಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಖಾರವಿಲ್ಲ, ಮೆತ್ತಗಿದೆ, ಹಬೆಯಲ್ಲಿ ಬೆಂದು ಸಿದ್ಧವಾಗಿಯೇ ಇರುವುದರಿಂದ ಕಾಯಬೇಕಿಲ್ಲ. ತಟ್ಟೆಯಗಲದ ಇಡ್ಲಿಯ ಮೇಲೆ ಬೆಣ್ಣೆ ಕರಗುತ್ತಾ ಅಂಚಿಗೆ ಹರಿಯುವುದನ್ನು ನೋಡುತ್ತಾ ಮೊಮ್ಮಗ ಮೂರು ತುತ್ತು ಹೆಚ್ಚಿಗೆ ತಿನ್ನುತ್ತಾನೆ. ಚಟ್ನಿಯನ್ನು ಬೇರೆ ಬಟ್ಟಲಲ್ಲಿ ಕೇಳಿ, ಇಲ್ಲದಿದ್ದರೆ ಇಡ್ಲಿಯ ಮೇಲೆಯೇ ಸುರಿದುಬಿಡುತ್ತಾರೆ. ಆಮೇಲೆ ಖಾರ ಎಂದು ಅಳು. ಅಂಗಡಿಯ ಹೆಸರು ಹೇಳುವುದಿಲ್ಲ, ಏಕೆಂದರೆ ಇಡ್ಲಿ ಚೆನ್ನಾಗಿದ್ದ ಒಂದು ಕಡೆ ಶೌಚಾಲಯಕ್ಕೆ ಚಿಲಕವೂ ಇರಲಿಲ್ಲ, ಬಕೆಟ್ಟಿಗೆ ಮಗ್ಗೂ ಇರಲಿಲ್ಲ. ಸೊಸೆ ಒಳಗಿದ್ದಷ್ಟು ಹೊತ್ತೂ ನನ್ನ ಹೆಂಡತಿ ಹೊರಗೆ ಬಾಗಿಲು ಹಿಡಿದು ಕಾವಲು ನಿಂತಿದ್ದಳು. ಬಿಲ್ ಕೊಡುವಾಗ ಗಲ್ಲಾಪೆಟ್ಟಿಗೆಯವರಿಗೆ ಹೇಳಿದೆ. "ನಾಳೆ ಹಾಕಿಸುತ್ತೇವೆ ಸಾರ್" ಎಂದರು. ಆ ನಾಳೆ ನಾನು ಚಾಲಕನಾಗಿದ್ದಾಗಿನಿಂದಲೂ ಬರುತ್ತಲೇ ಇದೆ.

ರಾಮನಗರದ ಬಂಡೆಗಳನ್ನು ಕಾರಿನ ಕಿಟಕಿಯಿಂದ ನೋಡಿದರೆ ಸಾಕು. ರಾಮದೇವರ ಬೆಟ್ಟ ರಣಹದ್ದುಗಳ ಧಾಮ, ದೊಡ್ಡವರಿಗೆ ಸೊಗಸು. ಆದರೆ ಅಷ್ಟು ಮೆಟ್ಟಿಲು ಹತ್ತುವಷ್ಟರಲ್ಲಿ ಮಗು ನಿಮ್ಮ ಹೆಗಲ ಮೇಲಿರುತ್ತದೆ. ಮಕ್ಕಳು ಎಂಟು ವರ್ಷ ದಾಟಲಿ, ಆಗ ಹೋಗಿ.

ನಿಲ್ಲಬೇಕಾದದ್ದು ಊರು ದಾಟಿದ ಮೇಲೆ ಸಿಗುವ ಜಾನಪದ ಲೋಕದಲ್ಲಿ. ಜಾನಪದ ವಿದ್ವಾಂಸ ಎಚ್.ಎಲ್. ನಾಗೇಗೌಡರು ಹಳ್ಳಿ ಹಳ್ಳಿ ಸುತ್ತಿ ಕೂಡಿಹಾಕಿದ ಸಾಮಾನುಗಳು ಹದಿನೈದು ಎಕರೆ ಜಾಗದಲ್ಲಿವೆ. ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ ನಾನು ಇದರ ಬಾಗಿಲನ್ನು ಮಾತ್ರ ನೋಡಿದ್ದೆ. ಒಳಗೆ ಹೋದದ್ದು ಮಕ್ಕಳ ದೆಸೆಯಿಂದ. ಕಾರಿನಲ್ಲಿ ಕಟ್ಟಿಹಾಕಿದಂತಿದ್ದ ಮಕ್ಕಳಿಗೆ ಮೊದಲು ಕಾಣುವುದು ಮರದ ನೆರಳು ಮತ್ತು ಮಣ್ಣಿನ ದಾರಿ. ಅರ್ಧ ಗಂಟೆ ಬರೀ ಓಡಲು ಬಿಟ್ಟೆವು. ಟಿಕೆಟ್ಟಿನ ದುಡ್ಡು ಅಲ್ಲೇ ವಸೂಲಾಯಿತು.

ಲೋಕಮಹಲಿನ ಒಳಗೆ ಒರಳು, ಬೀಸುಕಲ್ಲು, ಕಣಜ, ಕೂರಿಗೆ, ಯಕ್ಷಗಾನದ ಕಿರೀಟ, ತೊಗಲುಗೊಂಬೆ, ಎಲ್ಲವೂ ಇವೆ. ಇಲ್ಲಿ ನಮ್ಮ ಮನೆಯವಳದೇ ರಾಜ್ಯ. ಬೀಸುಕಲ್ಲಿನ ಮುಂದೆ ನಿಂತು, ಯಾವ ಕೈಯಲ್ಲಿ ಗೂಟ ಹಿಡಿಯಬೇಕು, ಯಾವ ಕೈಯಲ್ಲಿ ಕಾಳು ಸುರಿಯಬೇಕು, ಬೀಸುವಾಗ ಯಾವ ಹಾಡು ಹೇಳುತ್ತಿದ್ದರು ಎಂದು ಮೊಮ್ಮಗಳಿಗೆ ಅಭಿನಯಿಸಿಯೇ ತೋರಿಸಿದಳು. ಅಕ್ಕಪಕ್ಕದ ಎರಡು ಸಂಸಾರದವರೂ ನಿಂತು ಕೇಳಿದರು. "ಅಜ್ಜಿ, ಮಿಕ್ಸಿ ಇರಲಿಲ್ಲವಾ?" ಎಂಬ ಪ್ರಶ್ನೆಗೆ ಅವಳು ಕೊಟ್ಟ ಉತ್ತರದಲ್ಲಿ ನನ್ನ ಅಮ್ಮನ ಮೇಲಿನ ಹಳೆಯ ದೂರುಗಳೂ ಸೇರಿಕೊಂಡವು, ಅವು ಇಲ್ಲಿ ಬೇಡ. ಮೊಮ್ಮಗ ಮಾತ್ರ ದೊಡ್ಡ ಕಣ್ಣಿನ ಮುಖವಾಡಗಳನ್ನು ಕಂಡು ನನ್ನ ಪಂಚೆಯೊಳಗೆ ಮುಖ ಮುಚ್ಚಿಕೊಂಡ. ತೀರಾ ಚಿಕ್ಕ ಮಕ್ಕಳಿದ್ದರೆ ಒಳಗಿನ ಕೋಣೆಗಳನ್ನು ಬೇಗ ಮುಗಿಸಿ ಬಯಲಿನಲ್ಲಿಟ್ಟಿರುವ ಗಾಣ, ಗಾಡಿಗಳ ಕಡೆ ಬನ್ನಿ. ಬಿಸಿಲೇರುವ ಮುಂಚೆ ಹೋಗುವುದು ಒಳ್ಳೆಯದು. ಮಂಗಳವಾರ ರಜೆ, ನೆನಪಿಡಿ.

ಅಲ್ಲಿಂದ ಚನ್ನಪಟ್ಟಣ ಹತ್ತಿರವೇ. ಹಳೆಯ ರಸ್ತೆಯ ಎರಡೂ ಬದಿ ಗೊಂಬೆ ಅಂಗಡಿಗಳ ಸಾಲು. ಬೈಪಾಸ್ ಆದ ಮೇಲೆ ಇಲ್ಲಿನ ವ್ಯಾಪಾರ ಬಿದ್ದುಹೋಗಿದೆ. ಅಂಗಡಿಯವರ ಮುಖ ನೋಡಿದರೇ ತಿಳಿಯುತ್ತದೆ. ಹಾಗೆಂದು ಕಣ್ಣು ಮುಚ್ಚಿ ಕೊಳ್ಳಬೇಡಿ. ಒಂದು ಅಂಗಡಿಯಲ್ಲಿ ಹೊರಗೆ ಚನ್ನಪಟ್ಟಣದ ಬೋರ್ಡು, ಒಳಗೆ ಅರ್ಧಕ್ಕರ್ಧ ಪ್ಲಾಸ್ಟಿಕ್ ಜೆಸಿಬಿ, ಬಂದೂಕು. ಮೊಮ್ಮಗ ನೇರ ಜೆಸಿಬಿಯನ್ನೇ ಅಪ್ಪಿಕೊಂಡ. ಅವನನ್ನು ಅಲ್ಲಿಂದ ಬಿಡಿಸಿ ತರುವುದು ಒಂದು ಪಂಚಾಯಿತಿಯೇ ಆಯಿತು.

ಆದ್ದರಿಂದ ನೇರ ಅಂಗಡಿಗೆ ಹೋಗದೆ, ಗೊಂಬೆ ಮಾಡುವ ಕಾರ್ಖಾನೆಯಿರುವ ಕಡೆ ಕೇಳಿಕೊಂಡು ಹೋಗಿ. ಅನೇಕರು ನೋಡಲು ಬಿಡುತ್ತಾರೆ. ನಾವು ಹೋದಲ್ಲಿ ವಯಸ್ಸಾದ ಕುಶಲಕರ್ಮಿಯೊಬ್ಬರು ಲೇತ್ ಮುಂದೆ ಕೂತಿದ್ದರು. ಹಾಲೆ ಮರದ ಬಿಳಿಯ ತುಂಡು ಗಿರ್ರನೆ ತಿರುಗುತ್ತಿತ್ತು. ಉಳಿ ಮುಟ್ಟಿಸಿದಂತೆ ಹೊಟ್ಟು ಸುರುಳಿ ಸುರುಳಿಯಾಗಿ ಹಾರಿ ಮೊಮ್ಮಗಳ ಜಡೆಗೆಲ್ಲ ಅಂಟಿಕೊಂಡಿತು. ಎರಡು ನಿಮಿಷದಲ್ಲಿ ಬುಗುರಿಯ ಆಕಾರ ಬಂತು. ಆಮೇಲೆ ಹಳದಿ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದರು. ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಬಣ್ಣ ಹತ್ತಿತು. ಕುಂಚವೂ ಇಲ್ಲ, ಡಬ್ಬಿಯೂ ಇಲ್ಲ. ಕೊನೆಗೆ ಒಣಗಿದ ಎಲೆಯ ಗರಿಯೊಂದನ್ನು ಮಡಿಸಿ ಒತ್ತಿದಾಗ ಕನ್ನಡಿಯಂಥ ಹೊಳಪು. ಹಳದಿಗೆ ಅರಿಶಿನ, ನೀಲಿಗೆ ನೀಲಿ ಗಿಡ ಎಂದು ಅವರು ಹೇಳಿದ್ದನ್ನು ಮೊಮ್ಮಗಳು ಮನೆಗೆ ಬಂದ ಮೇಲೂ ಸಿಕ್ಕಿದವರಿಗೆಲ್ಲ ವರದಿ ಮಾಡಿದಳು. ಮೂರು ವರ್ಷದವನು ಅಷ್ಟು ಹೊತ್ತು ಕಣ್ಣು ಮಿಟುಕಿಸದೆ ನಿಂತದ್ದನ್ನು ನಾನು ಮೊಬೈಲ್ ಮುಂದೆ ಬಿಟ್ಟರೆ ಬೇರೆಲ್ಲೂ ನೋಡಿಲ್ಲ.

ಕೊಳ್ಳುವವರಿಗೆ ಎರಡು ಮಾತು. ಅರಗಿನ ಬಣ್ಣ ಮರದೊಳಕ್ಕೇ ಇಳಿದಂತಿರುತ್ತದೆ, ಬರೀ ಪೇಂಟ್ ಆದರೆ ಅಂಚಿನಲ್ಲಿ ಉಗುರಿಗೆ ಸಿಪ್ಪೆ ಏಳುತ್ತದೆ. ಎಲ್ಲವನ್ನೂ ಬಾಯಿಗೆ ಹಾಕುವ ವಯಸ್ಸಿನ ಮಗುವಿದ್ದರೆ ಗಿಲಕಿ, ಬಳೆ ಜೋಡಿಸುವ ಕಂಬದಂಥವು ಸಾಕು. ಚಿಕ್ಕ ಚಿಕ್ಕ ಚಕ್ರಗಳ ರೈಲು ಬೇಡ, ಚಕ್ರ ಕಿತ್ತುಬಂದರೆ ನೇರ ಬಾಯಿಗೇ. ಚೌಕಾಸಿ ಮಾಡಿ, ಆದರೆ ಹೊಟ್ಟೆ ಮೇಲೆ ಹೊಡೆಯುವಷ್ಟು ಬೇಡ. ಈ ಊರಿನ ಹೆಸರಿಗೇ ಸೇರಿದ್ದೆಂಬ ಭೌಗೋಳಿಕ ಸೂಚಿ (ಜಿಐ) ಮಾನ್ಯತೆ ಪಡೆದ ಕಸುಬಿದು, ಮಾನ್ಯತೆಯ ಕಾಗದದಿಂದ ಒಲೆ ಉರಿಯುವುದಿಲ್ಲ.

ಫೆಬ್ರುವರಿ, ಮಾರ್ಚ್ ತಿಂಗಳಾದರೆ ಮದ್ದೂರಿಗೆ ಮುಂಚೆ ಒಳಗೆ ತಿರುಗಿ ಕೊಕ್ಕರೆ ಬೆಳ್ಳೂರಿಗೆ ಹೋಗಬಹುದು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟಿರುತ್ತವೆ. ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಎಂದು ಊರವರು ನೋಡಿಕೊಳ್ಳುತ್ತಾರೆ. ಮರದ ಕೆಳಗೆ ನಿಲ್ಲುವಾಗ ತಲೆಗೊಂದು ಟೋಪಿ ಇರಲಿ. ಕಾರಣ ಬಿಡಿಸಿ ಹೇಳುವುದಿಲ್ಲ.

ಮದ್ದೂರಿನಲ್ಲಿ ವಡೆ. ರೈಲು ನಿಲ್ದಾಣದಲ್ಲಿ 1917ರಲ್ಲಿ ಶುರುವಾದದ್ದೆಂದು ಹೇಳುತ್ತಾರೆ. ರವೆ, ಅಕ್ಕಿಹಿಟ್ಟು, ಮೈದಾ, ಈರುಳ್ಳಿ, ಕರಿಬೇವು ಕಲಸಿ ಅಂಗೈಯಲ್ಲಿ ತಟ್ಟಿ ಕರಿದದ್ದು. ಅಂಚು ಗರಿಗರಿ, ನಡುವೆ ಮೆದು ಇದ್ದರೆ ಅದು ಸರಿಯಾದ ವಡೆ. ಮಕ್ಕಳಿಗೆ ಹಸಿಮೆಣಸಿನಕಾಯಿಯ ಚೂರು ತೆಗೆದು ಅಂಚನ್ನು ಮಾತ್ರ ಮುರಿದು ಕೊಡಿ. ಉಳಿದದ್ದನ್ನು ಕಟ್ಟಿಸಿಕೊಂಡು ಕಾರಿನಲ್ಲಿ ಬಿಚ್ಚಬೇಡಿ. ಎಣ್ಣೆಯ ವಾಸನೆಗೆ ವಾಂತಿ ಮಾಡುವ ಮಕ್ಕಳನ್ನು ನಾನು ಬಸ್ಸಿನಲ್ಲಿ ಬೇಕಾದಷ್ಟು ಕಂಡಿದ್ದೇನೆ.

ಮಂಡ್ಯದ ಆಸುಪಾಸಿನಲ್ಲಿ ಯಾವ ಪ್ರವಾಸಿ ಪಟ್ಟಿಯಲ್ಲೂ ಇಲ್ಲದ ಒಂದು ಜಾಗ ಹೇಳುತ್ತೇನೆ: ಆಲೆಮನೆ. ಹೊಗೆ ಕಂಡ ಕಡೆ ಕಾರು ನಿಲ್ಲಿಸಿ, "ಮಕ್ಕಳಿಗೆ ತೋರಿಸಬಹುದಾ ಅಣ್ಣ?" ಎಂದು ಕೇಳಿ. ನಮಗಂತೂ ಯಾರೂ ಇಲ್ಲ ಎಂದದ್ದಿಲ್ಲ. ಒಂದು ಕಡೆ ಗಾಣದಲ್ಲಿ ಕಬ್ಬು ಹಿಂಡುತ್ತಾರೆ, ಹಿಂಡಿದ ಸಿಪ್ಪೆಯನ್ನೇ ಒಣಗಿಸಿ ಒಲೆಗೆ ತಳ್ಳುತ್ತಾರೆ, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಪಾಕವಾಗಿ ಅಚ್ಚಿಗೆ ಇಳಿಯುತ್ತದೆ. ಎಲೆಯ ಮೇಲೆ ಬಿಸಿ ಬೆಲ್ಲ ಇಟ್ಟುಕೊಟ್ಟರು; ಮೊಮ್ಮಗಳು ಬೆರಳು ನೆಕ್ಕುತ್ತಾ "ಇದು ಚಾಕೊಲೇಟಾ?" ಎಂದಳು. ಆದರೆ ಎಚ್ಚರ: ಕೊಪ್ಪರಿಗೆ ನೆಲದ ಮಟ್ಟಕ್ಕೇ ಇರುತ್ತದೆ, ತಡೆಗೋಡೆ ಇರುವುದಿಲ್ಲ. ಮೂರು ವರ್ಷದವನನ್ನು ಕೆಳಗಿಳಿಸಲೇಬಾರದು, ಎತ್ತಿಕೊಂಡೇ ಇರಬೇಕು. ಅಪ್ಪ, ಅಮ್ಮ ಇಬ್ಬರೂ ಫೋಟೊ ತೆಗೆಯುವ ಜಾಗ ಇದಲ್ಲ.

ಶ್ರೀರಂಗಪಟ್ಟಣದಲ್ಲಿ ಕೋಟೆ, ದರಿಯಾ ದೌಲತ್, ದೇವಸ್ಥಾನ ಎಲ್ಲ ನೋಡಬೇಕೆಂದರೆ ಒಂದು ದಿನ ಬೇಕು. ಚಿಕ್ಕ ಮಕ್ಕಳಿಗೆ ರಂಗನತಿಟ್ಟು ಒಂದೇ ಸಾಕು. ಕಾವೇರಿಯ ನಡುಗಡ್ಡೆಗಳಿವು, ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನ ಮೇರೆಗೆ 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ದೋಣಿಯಲ್ಲಿ ಹೋಗುವಾಗ ಹಕ್ಕಿಗಳಿಗಿಂತ ನಮ್ಮವರನ್ನು ಹಿಡಿದಿಟ್ಟದ್ದು ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆ. "ಗೊಂಬೆಯಾ ತಾತ?" ಎಂದು ಮೊಮ್ಮಗ ಕೇಳುವುದಕ್ಕೂ ಅದು ನೀರಿಗೆ ಜಾರುವುದಕ್ಕೂ ಸರಿಹೋಯಿತು. ಆಮೇಲೆ ದಡ ಸೇರುವವರೆಗೆ ಅವನು ಕೈಯನ್ನು ದೋಣಿಯ ಅಂಚಿಗೂ ಇಡಲಿಲ್ಲ. ನಾವು ಹತ್ತು ಸಲ ಹೇಳಿದ್ದರೂ ಆಗದ ಕೆಲಸ ಅದು. ಡಿಸೆಂಬರಿನಿಂದ ಬೇಸಿಗೆಯವರೆಗೆ ಗೂಡುಗಳು ತುಂಬಿರುತ್ತವೆ. ಮಳೆಗಾಲದಲ್ಲಿ ಕೆ.ಆರ್.ಎಸ್.ನಿಂದ ಹೆಚ್ಚು ನೀರು ಬಿಟ್ಟರೆ ದೋಣಿ ನಿಲ್ಲುತ್ತದೆ, ಹೊರಡುವ ಮೊದಲು ವಿಚಾರಿಸಿಕೊಳ್ಳಿ.

ಮೈಸೂರು ತಲುಪಿದ ಮೇಲೆ ಎಲ್ಲರೂ ಅರಮನೆಗೆ ಓಡುತ್ತಾರೆ. ನಾನು ರೈಲ್ವೆ ನಿಲ್ದಾಣದ ಹತ್ತಿರ, ಕೆ.ಆರ್.ಎಸ್. ರಸ್ತೆಯ ರೈಲು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯುತ್ತೇನೆ. 1979ರಿಂದ ಇದೆ. ಅರಮನೆಯಲ್ಲಿ ಚಪ್ಪಲಿ ಬಿಡು, ಮುಟ್ಟಬೇಡ, ಕೈಹಿಡಿ ಎಂಬುದರಲ್ಲೇ ಮಕ್ಕಳ ಅರ್ಧ ಜೀವ ಹೋಗುತ್ತದೆ. ಇಲ್ಲಿ ಉಗಿಬಂಡಿಗಳು ಬಯಲಿನಲ್ಲೇ ನಿಂತಿವೆ, ಪುಟ್ಟ ರೈಲೊಂದು ಆವರಣದೊಳಗೇ ಸುತ್ತು ಹಾಕುತ್ತದೆ. ಹಳಿಯ ಮೇಲೆ ಓಡುವಂತೆ ಮಾಡಿದ ಆಸ್ಟಿನ್ ಕಾರೂ ಇದೆ. ಅದರ ಮುಂದೆ ನಾನು ಮಕ್ಕಳಿಗಿಂತ ಹೆಚ್ಚು ಹೊತ್ತು ನಿಂತೆ. ಸ್ಟಿಯರಿಂಗ್ ತಿರುಗಿಸುವ ಗೋಜೇ ಇಲ್ಲದ ಕಾರು, ಯಾವ ಚಾಲಕನಿಗೆ ಬೇಡ? 1899ರ ಮಹಾರಾಣಿಯವರ ಸಲೂನ್ ಗಾಡಿಯಲ್ಲಿ ಅಡುಗೆಮನೆ, ಊಟದ ಕೋಣೆ, ಶೌಚಾಲಯ ಎಲ್ಲವೂ ಇದ್ದವಂತೆ ಎಂದು ಓದಿ ಹೇಳಿದೆ. ಸೊಸೆ ನಿಟ್ಟುಸಿರುಬಿಟ್ಟು, "ಮಾವ, ಪ್ರಯಾಣ ಎಂದರೆ ಇದು" ಎಂದಳು.

ಮೃಗಾಲಯದ ಬಗ್ಗೆ ಹೊಸದಾಗಿ ಹೇಳುವುದೇನೂ ಇಲ್ಲ. 1892ರದ್ದು, ಚೆನ್ನಾಗಿದೆ, ಜಿರಾಫೆ, ಗೊರಿಲ್ಲಾ ಎಲ್ಲ ಇವೆ. ಆದರೆ ನಡಿಗೆ ಬಹಳ. ಇಷ್ಟೆಲ್ಲ ಕಡೆ ಇಳಿದು ಬಂದ ದಿನವೇ ಅಲ್ಲಿಗೆ ಹೋದರೆ ದೊಡ್ಡವರಿಗೇ ಅಳು ಬರುತ್ತದೆ. ಮರುದಿನ ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದಂತೆ ಹೋಗಿ, ಅದೂ ಮಂಗಳವಾರ ಬಿಟ್ಟು. ಭಾನುವಾರವಾದರೆ ಸಂಜೆ ಏಳಕ್ಕೆ ಅರಮನೆಯ ದೀಪ ಹೊರಗಿನಿಂದಲೇ ನೋಡಿ. ಮಕ್ಕಳಿಗೆ ಅರಮನೆ ಅಷ್ಟು ಸಾಕು.

ವಾಪಸು ಬರುವಾಗ ದಶಪಥ ಹೆದ್ದಾರಿಯೇ ಸರಿ. ಆ ಹೊತ್ತಿಗೆ ಮಕ್ಕಳು ನಿದ್ದೆ ಹೋಗಿರುತ್ತಾರೆ. ಮಗ ನೂರು ದಾಟಿಸಿದರೆ ಹಿಂದಿನಿಂದಲೇ ಕೆಮ್ಮುತ್ತೇನೆ, ಅವನಿಗೆ ಅರ್ಥವಾಗುತ್ತದೆ. ಮೈಸೂರು ಬಿಡುವ ಮೊದಲು ಮಾತ್ರ ಎಲ್ಲರನ್ನೂ ಒಂದಕ್ಕೆ ಕಳಿಸಿ, ಬೇಡ ಎಂದವರನ್ನೂ.