ಹಳೆಯ ಎಂಜಿನ್ನಿಗೆ ನೀಲಿ ಪೇಸ್ಟು: ಹೈಲೋಮಾರ್ ಬಳಸಿ ನೋಡಿದ ಮೇಲೆ

ನನ್ನ 1963ರ ಎಂಜಿಬಿ ಕಾರಿನ ಎಂಜಿನ್ನನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟುವಾಗ ಬಹುತೇಕ ಎಲ್ಲ ಜೋಡಣೆಗಳಿಗೂ ಹೈಲೋಮಾರ್ ಎಂಬ ನೀಲಿ ಸೀಲಿಂಗ್ ಪೇಸ್ಟನ್ನೇ ಬಳಸಿದೆ. ಅದು ಆಯಿಲ್ ಸೋರಿಕೆಯನ್ನು ಎಲ್ಲಿ ನಿಲ್ಲಿಸಿತು, ಎಲ್ಲಿ ನಿಲ್ಲಿಸಲಿಲ್ಲ, ಎಲ್ಲಿ ನಿಲ್ಲಿಸುವುದು ಅದರ ಕೆಲಸವೇ ಅಲ್ಲ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ರೋಲ್ಸ್‌ರಾಯ್ಸ್ ಕಂಪನಿಯು ಜೆಟ್ ಎಂಜಿನ್ನುಗಳ ಜೋಡಣೆಗೆಂದು ರೂಪಿಸಿದ ಪೇಸ್ಟು ಇದು. ಇದರ ಮುಖ್ಯ ಗುಣವೆಂದರೆ ಎಂದಿಗೂ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುವುದು. ಎಂಜಿನ್ ಕಾದು ಹಿಗ್ಗಿ, ತಣಿದು ಕುಗ್ಗುವಾಗ ಪೇಸ್ಟೂ ಅದರೊಂದಿಗೆ ಹೊಂದಿಕೊಳ್ಳುತ್ತದೆ, ಬಿರುಕು ಬಿಡುವುದಿಲ್ಲ. ಆರಿದ ಮೇಲೆ ರಬ್ಬರಿನಂತಾಗುವ ಇನ್ನೊಂದು ಸೀಲಿಂಗ್ ಪೇಸ್ಟಾದ ಸಿಲಿಕೋನಿನ ವಿಷಯದಲ್ಲಿ ನನ್ನ ಅನುಭವ ಕಹಿಯಾದದ್ದು, ಮತ್ತು ತಪ್ಪು ಸಂಪೂರ್ಣವಾಗಿ ನನ್ನದೇ. ಹಿಂದೊಮ್ಮೆ ಇದೇ ಎಂಜಿನ್ನಿನ ಸಂಪಿಗೆ (ಅಡಿಯಲ್ಲಿ ಆಯಿಲ್ ತುಂಬಿರುವ ತಟ್ಟೆಗೆ) ಧಾರಾಳವಾಗಿ ಸಿಲಿಕೋನ್ ಬಳಿದು, ಬೋಲ್ಟು ಬಿಗಿದಾಗ ಹೊರಗೆ ಉಬ್ಬಿ ಬಂದದ್ದನ್ನು ಒರೆಸಿ ಅಚ್ಚುಕಟ್ಟಾಯಿತೆಂದು ಸಮಾಧಾನಪಟ್ಟುಕೊಂಡಿದ್ದೆ. ಹೊರಗೆ ಎಷ್ಟು ಉಬ್ಬಿತ್ತೋ ಒಳಗೂ ಅಷ್ಟೇ ಉಬ್ಬಿರುತ್ತದೆಂದು ಆಗ ಹೊಳೆಯಲಿಲ್ಲ. ಈ ಸಲ ಸಂಪ್ ಇಳಿಸಿದಾಗ ಆಯಿಲ್ ಪಂಪಿನ ಜಾಲರಿಯ ಮೇಲೆ ಕಿತ್ತುಬಂದ ಸಿಲಿಕೋನ್ ಎಳೆಗಳು ಹುಳುಗಳ ಹಾಗೆ ಅಂಟಿಕೊಂಡಿದ್ದವು. ಇನ್ನಷ್ಟು ಸೇರಿದ್ದರೆ ಬೇರಿಂಗುಗಳಿಗೆ ಆಯಿಲ್ ತಲುಪುವುದೇ ಕಷ್ಟವಾಗುತ್ತಿತ್ತು.

ಹೈಲೋಮಾರ್ ಬಳಸುವ ಕ್ರಮ ಸುಲಭ, ಆದರೆ ಅವಸರ ಕೂಡದು. ಎರಡೂ ಮುಖಗಳನ್ನು ಅಸಿಟೋನಿನಿಂದ ಒರೆಸಿ, ಬೆರಳಿನಿಂದ ಲೋಹದ ಬಣ್ಣ ಕೆಳಗೆ ಕಾಣುವಷ್ಟು ತೆಳ್ಳಗೆ ಪೇಸ್ಟು ಸವರಿ, ಅದರಲ್ಲಿನ ದ್ರಾವಕ ಆರಿಹೋಗಲು ಸುಮಾರು 10 ನಿಮಿಷ ಬಿಡಬೇಕು. ಬೆರಳು ಮುಟ್ಟಿಸಿ ತೆಗೆದಾಗ ನೀಲಿ ಎಳೆ ಬಂದರೆ ಇನ್ನೂ ಕಾಯಬೇಕು. ಬರಿಯ ಅಂಟು ಮಾತ್ರ ತಿಳಿದರೆ ಜೋಡಿಸಬಹುದು. ಗಟ್ಟಿಯಾಗುವ ಪೇಸ್ಟುಗಳ ಹಾಗೆ ಗಡಿಯಾರ ನೋಡಿಕೊಂಡು ಒದ್ದಾಡುವ ಸ್ಥಿತಿ ಇಲ್ಲದಿರುವುದು, ಒಬ್ಬರೇ ನಿಂತು ಎಂಜಿನ್ ಕಟ್ಟುವವರಿಗೆ ದೊಡ್ಡ ಅನುಕೂಲ.

ಆದರೆ ಈ ಪೇಸ್ಟು ಸಮತಟ್ಟಾದ ಎರಡು ಮುಖಗಳ ನಡುವಿನ ಕೂದಲೆಳೆಯಷ್ಟು ಸಂದನ್ನು ತುಂಬಬಲ್ಲದೇ ಹೊರತು ಡೊಂಕನ್ನು ನೇರ ಮಾಡಲಾರದು. ಹಳೆಯ ಸಂಪುಗಳ ಅಂಚು ತೆಳು ತಗಡಿನದು. ಸೋರಿದಾಗಲೆಲ್ಲ ಬೋಲ್ಟನ್ನು ಇನ್ನೊಂದು ಸುತ್ತು ಬಿಗಿಯುವ ಅಭ್ಯಾಸದಿಂದಾಗಿ ಪ್ರತಿ ರಂಧ್ರದ ಸುತ್ತಲಿನ ತಗಡು, ಎರಡು ಮುಖಗಳ ನಡುವೆ ಸೋರದಂತೆ ಇಡುವ ತೆಳು ಪದರವಾದ ಗ್ಯಾಸ್ಕೆಟಿನ ಕಡೆಗೆ ಉಬ್ಬಿರುತ್ತದೆ. ಆಮೇಲೆ ರಂಧ್ರದ ಬಳಿ ಗ್ಯಾಸ್ಕೆಟ್ ಜಜ್ಜಿಹೋಗಿ, ಎರಡು ರಂಧ್ರಗಳ ನಡುವೆ ಸಡಿಲವಾಗಿ, ಅಲ್ಲಿಂದಲೇ ಆಯಿಲ್ ಜಿನುಗುತ್ತದೆ. ಉಕ್ಕಿನ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ ಹಿಂದಿನಿಂದ ಟಾರ್ಚು ಬಿಟ್ಟರೆ ಬೆಳಕಿನ ಅಲೆಗಳು ಕಾಣುತ್ತವೆ. ನನ್ನ ಸಂಪಿನಲ್ಲಿ ನೇರವಾಗಿದ್ದ ರಂಧ್ರ ಒಂದೂ ಇರಲಿಲ್ಲ. ಗಟ್ಟಿಮರದ ತುಂಡಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಒಂದೊಂದನ್ನೇ ತಟ್ಟಿ ಕೂರಿಸಲು ಅರ್ಧ ದಿನವೇ ಹಿಡಿಯಿತು. ಬಳಿಕ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ 6 ಪೌಂಡ್-ಅಡಿಗೆ ಮಾತ್ರ ಬಿಗಿದೆ. ಕೈಗೆ ಅದು ಬಿಗಿಯೇ ಆಗಿಲ್ಲವೆನ್ನಿಸುವಷ್ಟು ಕಡಿಮೆ. ಇನ್ನೊಂದು ಸುತ್ತು ತಿರುಗಿಸಬೇಕೆಂಬ ಆಸೆಯನ್ನು ತಡೆದುಕೊಳ್ಳುವುದೇ ಈ ಕೆಲಸದಲ್ಲಿ ಕಷ್ಟದ ಭಾಗ. ವಾಲ್ವುಗಳನ್ನು ಎತ್ತುವ ಟ್ಯಾಪೆಟುಗಳನ್ನು ಮುಚ್ಚುವ, ಎಂಜಿನ್ನಿನ ಬದಿಯ ಟ್ಯಾಪೆಟ್ ಕವರುಗಳಿಗೂ ಇದೇ ಮಾತು: ನಡುವಿನ ಒಂದೇ ಬೋಲ್ಟನ್ನು ಹೆಚ್ಚು ಬಿಗಿದರೆ ಕವರಿನ ಅಂಚುಗಳೇ ಮೇಲೇಳುತ್ತವೆ.

ಒಂದು ಕಡೆ ಮಾತ್ರ ಸಿಲಿಕೋನನ್ನು ಬಿಡಲಾಗಲಿಲ್ಲ. ಸಂಪಿನ ಪಕ್ಕದ ಗ್ಯಾಸ್ಕೆಟ್ ಬೇರಿಂಗ್ ಕ್ಯಾಪಿನ ಮೇಲಿನ ಕಾರ್ಕ್ ಪಟ್ಟಿಯನ್ನು ಸಂಧಿಸುವ ನಾಲ್ಕು ಮೂಲೆಗಳಲ್ಲಿ ಸಂದು ದೊಡ್ಡದು, ಹೈಲೋಮಾರಿಗೆ ಅದು ಮೀರಿದ್ದು. ಅಲ್ಲಿ ಕಡಲೆಕಾಳಿನಷ್ಟು ಸಿಲಿಕೋನ್ ಇಟ್ಟರೆ ಸಾಕು, ಅದಕ್ಕಿಂತ ಹೆಚ್ಚು ಬೇಡ.

ತಿರುಗುವ ಭಾಗಗಳಿಗೆ ಯಾವ ಪೇಸ್ಟೂ ಉತ್ತರವಲ್ಲ. ಮುಂದಿನ ಪುಲ್ಲಿಯ ಮೇಲೆ ಹಳೆಯ ಸೀಲು ಉಗುರಿಗೆ ಸಿಗುವಷ್ಟು ಆಳದ ಗೀರು ಕೊರೆದಿತ್ತು. ಹೊಸ ಸೀಲು ಹಾಕಿದರೂ ಅದು ಸೋರುತ್ತಲೇ ಇರುತ್ತಿತ್ತು. ಎಸ್‌ಕೆಎಫ್ ಕಂಪನಿಯ ಸ್ಪೀಡಿ ಸ್ಲೀವ್ ಎಂಬ ಉಕ್ಕಿನ ತೋಳನ್ನು ಅಲ್ಲಿ ತೊಡಿಸಿದೆ. ಅದರ ದಪ್ಪ ಸುಮಾರು 0.28 ಮಿಲಿಮೀಟರ್ ಮಾತ್ರ, ಆದ್ದರಿಂದ ಸೀಲಿನ ಅಳತೆಯನ್ನು ಬದಲಿಸಬೇಕಾಗಲಿಲ್ಲ. ಆ ಸೀಲು ಕೂರುವ ಮುಂಭಾಗದ ಟೈಮಿಂಗ್ ಕವರನ್ನು ಬಿಗಿಯುವ ಮೊದಲು ಪುಲ್ಲಿಯನ್ನು ಸೀಲಿನೊಳಗೆ ತೂರಿಸಿ ಕವರನ್ನು ನಡುವಿಗೆ ತಂದುಕೊಳ್ಳುವುದನ್ನು ಮರೆಯಬಾರದು.

ಹಿಂಭಾಗದ ಕಥೆ ಬೇರೆ. ಮೂರು ಮೇನ್ ಬೇರಿಂಗುಗಳ ಈ ಎಂಜಿನ್ನಿನಲ್ಲಿ, ಆ ಬೇರಿಂಗುಗಳಲ್ಲಿ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಹಿಂತುದಿಗೆ ರಬ್ಬರ್ ಸೀಲೇ ಇಲ್ಲ. 1964ರಲ್ಲಿ ಐದು ಬೇರಿಂಗುಗಳ ಎಂಜಿನ್ ಬಂದ ಮೇಲೆಯೇ ಅದು ಬಂದದ್ದು. ಇಲ್ಲಿರುವುದು ಶಾಫ್ಟಿನ ಮೇಲೆ ಕೊರೆದ ಸುರುಳಿ ಗೀರು. ಶಾಫ್ಟು ತಿರುಗುವಾಗ ಆ ಸುರುಳಿ ಆಯಿಲನ್ನು ಒಳಕ್ಕೆ ತಳ್ಳುತ್ತದೆ, ನಿಂತಾಗ ತಳ್ಳುವವರಿಲ್ಲ. ಒಳಗಿನ ಗಾಳಿಯ ಒತ್ತಡ ಹೆಚ್ಚಾದರಂತೂ ತಿರುಗುವಾಗಲೂ ಸೋಲುತ್ತದೆ. ಆ ಗಾಳಿಯನ್ನು ಹೊರಬಿಡುವ ಬ್ರೀದರ್ ಪೈಪು ನನ್ನ ಎಂಜಿನ್ನಿನಲ್ಲಿ ಕಪ್ಪು ಜಿಡ್ಡಿನಿಂದ ಅರ್ಧ ಕಟ್ಟಿಕೊಂಡಿತ್ತು. ಹಿಂದಿನ ಸೋರಿಕೆಗೆ ನಾನು ಗ್ಯಾಸ್ಕೆಟುಗಳನ್ನು ಬೈದದ್ದರಲ್ಲಿ ಎಷ್ಟು ಪಾಲು ಈ ಪೈಪಿಗೆ ಸಲ್ಲಬೇಕಿತ್ತೋ!

ಕಟ್ಟಿ ಮುಗಿಸಿದ ಮೇಲೆ ಹೊರಮೈಯನ್ನೆಲ್ಲ ತೊಳೆದು ಒಣಗಿಸಿ, ಜೋಡಣೆಗಳ ಮೇಲೆ ಟಾಲ್ಕಂ ಪುಡಿ ಉದುರಿಸಿ, ಎಂಜಿನ್ ಚೆನ್ನಾಗಿ ಕಾಯುವವರೆಗೆ ಓಡಿಸಿದೆ. ಪುಡಿಯ ಮೇಲೆ ಸಣ್ಣ ಜಿನುಗೂ ಕಂದು ಕಲೆಯಾಗಿ ಕಾಣುತ್ತದೆ. ಸಂಪ್, ಟೈಮಿಂಗ್ ಕವರ್, ಟ್ಯಾಪೆಟ್ ಕವರುಗಳು ಬೆಳ್ಳಗೇ ಉಳಿದವು. ಆದರೂ ಬೆಳಿಗ್ಗೆ ಹೊತ್ತಿಗೆ ಕೆಳಗೆ ಹಾಸಿದ್ದ ರಟ್ಟಿನ ಮೇಲೆ, ಎಂಜಿನ್ನಿನ ಹಿಂದೆ ಗೇರ್ ಬಾಕ್ಸಿಗೆ ಸೇರುವ ಕವಚವಾದ ಬೆಲ್ ಹೌಸಿಂಗಿನ ರಂಧ್ರದ ನೇರಕ್ಕೆ, ಎರಡು ಹನಿ ಬಿದ್ದಿದ್ದವು. ಅದು ಸುರುಳಿಯ ಲೆಕ್ಕ, ಪೇಸ್ಟಿನದಲ್ಲ.

ಕೆಲವು ವಾರಗಳ ನಂತರ ವಾಲ್ವುಗಳ ಸಂದು ಸರಿಪಡಿಸಲು ಎಂಜಿನ್ನಿನ ಮೇಲ್ಮುಚ್ಚಳವಾದ ರಾಕರ್ ಕವರ್ ತೆಗೆಯಬೇಕಾಯಿತು. ಕಾರ್ಕ್ ಗ್ಯಾಸ್ಕೆಟಿನ ಕವರ್ ಬದಿಗೆ ಮಾತ್ರ ಹೈಲೋಮಾರ್ ಹಚ್ಚಿ, ಹೆಡ್ಡಿನ ಬದಿಯನ್ನು ಒಣಗಿದ್ದಂತೆಯೇ ಬಿಟ್ಟಿದ್ದೆ. ಎರಡು ನಟ್ಟು ಬಿಚ್ಚಿ ಎತ್ತಿದಾಗ ಕಾರ್ಕ್ ಎಲ್ಲಿಯೂ ಹರಿಯದೆ ಕವರಿನೊಂದಿಗೇ ಬಂತು, ಮತ್ತು ಅದನ್ನೇ ಒರೆಸಿ ಮತ್ತೆ ಕೂರಿಸಿದೆ.