ಹಳೇ ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಮಾಡಿಸುವ ಮೊದಲು ಇದನ್ನು ಓದಿ

ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ಬೇಗ ಕೆಲಸ ಮಾಡುವ ಡ್ರೈವ್) ಹಾಕಿಸಬೇಕು ಅಂತ ಇದ್ದೀರಾ? ಹಾಕಿಸಿ, ಒಳ್ಳೆಯದೇ. ಆದರೆ ಹಳೇ ಹಾರ್ಡ್ ಡಿಸ್ಕನ್ನು ಅವತ್ತೇ ಖಾಲಿ ಮಾಡಲು ಬಿಡಬೇಡಿ. ನಾನು ಬಿಟ್ಟೆ. ಏಳು ಅಂಗಡಿಗಳ ಲೆಕ್ಕ ಹೋಯಿತು.

ನಾನು ಹಾವೇರಿಯಲ್ಲಿ ಸಣ್ಣ ವ್ಯಾಪಾರಸ್ಥರ ಲೆಕ್ಕ ಬರೆಯುತ್ತೇನೆ. ಕಿರಾಣಿ, ಗೊಬ್ಬರದ ಅಂಗಡಿ, ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿ, ಹೀಗೆ. ಎಲ್ಲಾ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ. ಲ್ಯಾಪ್‌ಟಾಪ್ ಹಳೆಯದು, ಒಳಗೆ 500 ಜಿಬಿ ಹಾರ್ಡ್ ಡಿಸ್ಕ್. ಆನ್ ಮಾಡಿ ಚಹಾ ಕುಡಿದು ಬಂದರೂ ಇನ್ನೂ ಸುತ್ತುತ್ತಲೇ ಇರುತ್ತಿತ್ತು. ಹುಬ್ಬಳ್ಳಿಗೆ ಹೋಗಿ ಕೊಪ್ಪೀಕರ್ ರಸ್ತೆ ಕಡೆ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೊಟ್ಟೆ.

ಅಲ್ಲಿನ ಹುಡುಗ ಮೊದಲು ಕ್ಲೋನ್ ಮಾಡಲು ನೋಡಿದ. ಅಂದರೆ ಇಡೀ ಡಿಸ್ಕನ್ನು ಇದ್ದ ಹಾಗೇ ಹೊಸದಕ್ಕೆ ಇಳಿಸುವುದು. ಡಿಸ್ಕ್‌ನಲ್ಲಿ ಬ್ಯಾಡ್ ಸೆಕ್ಟರ್ (ಹಾಳಾಗಿ ಓದಲು ಬಾರದ ಜಾಗಗಳು) ಇದ್ದವು, ಕೆಲಸ ಅರ್ಧಕ್ಕೇ ನಿಂತಿತು. "ಹೊಸದಾಗಿ ವಿಂಡೋಸ್ ಹಾಕಿ ಡೇಟಾ ಅಷ್ಟ ಕಾಪಿ ಮಾಡ್ತೀನ್ರೀ, ಏನೇನು ಬೇಕು ಹೇಳ್ರಿ" ಅಂದ. "ಡಿ ಡ್ರೈವ್ ಪೂರ್ತಿ, ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್. ಅಷ್ಟು ಸಾಕು" ಅಂದೆ. ಈ ಮಾತೇ ನನಗೆ ಮುಳುವಾಯಿತು.

ಟ್ಯಾಲಿ ಡೇಟಾ ಈ ಮೂರರಲ್ಲಿ ಎಲ್ಲೂ ಇರಲಿಲ್ಲ. ನನ್ನದು ಟ್ಯಾಲಿಯ ಹಳೇ ಆವೃತ್ತಿ, ಇಆರ್‌ಪಿ 9. ಸಿ ಡ್ರೈವ್‌ನಲ್ಲಿ ಅದಕ್ಕೇ ಒಂದು ಫೋಲ್ಡರ್, ಅದರೊಳಗೆ ಡೇಟಾ ಅಂತ ಇನ್ನೊಂದು. ಅದನ್ನು ತೆರೆದರೂ ಅಂಗಡಿಯ ಹೆಸರು ಕಾಣುವುದಿಲ್ಲ. 10000, 10001 ಅಂತ ಬರೀ ಅಂಕಿಗಳ ಫೋಲ್ಡರ್. ಗೊತ್ತಿಲ್ಲದವರಿಗೆ ಕಸದ ಹಾಗೆ ಕಾಣುತ್ತದೆ. ಡೆಸ್ಕ್‌ಟಾಪ್ ಮೇಲೆ ಟ್ಯಾಲಿ ಐಕಾನ್ ಇದೆಯಲ್ಲ, ಅದರ ಜೊತೆ ಲೆಕ್ಕವೂ ಬರುತ್ತದೆ ಅಂತ ನಾನು ತಿಳಿದಿದ್ದೆ. ನೀವು ಟ್ಯಾಲಿ ಬಳಸುತ್ತಿದ್ದರೆ ಇವತ್ತೇ ನೋಡಿಕೊಳ್ಳಿ: ಕಂಪನಿ ಆರಿಸುವ ಕಡೆ ಡೇಟಾ ಯಾವ ಜಾಗದಲ್ಲಿದೆ ಅಂತ ಅಲ್ಲೇ ತೋರಿಸುತ್ತದೆ. ಒಂದು ಚೀಟಿಯಲ್ಲಿ ಬರೆದು ಕಂಪ್ಯೂಟರ್ ಅಂಗಡಿಯವರ ಕೈಗೆ ಕೊಡಿ.

ಆಮೇಲೆ ಆದದ್ದು ಇನ್ನೂ ಕೆಟ್ಟದ್ದು. ಹಳೇ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ, ಒಂದು ಕೇಸಿಂಗ್‌ನಲ್ಲಿ ಹಾಕಿ, ಪೆನ್‌ಡ್ರೈವ್ ಹಾಗೆ ಬಳಸಿ ಅಂತ ಕೊಟ್ಟರು. ಬ್ಯಾಡ್ ಸೆಕ್ಟರ್ ಇರುವ ಡಿಸ್ಕನ್ನು ಹಾಗೆ ಕೊಡಬಾರದಿತ್ತು. ನಾನೂ ತಗೊಳ್ಳಬಾರದಿತ್ತು. ಖುಷಿಯಲ್ಲಿ ಅವತ್ತು ರಾತ್ರಿಯೇ ತಂಗಿಯ ಮದುವೆ ವಿಡಿಯೋ ಎಲ್ಲಾ ಅದಕ್ಕೆ ತುಂಬಿಸಿದೆ.

ಬೆಳಿಗ್ಗೆ ಹೊಸದಾಗಿ ಟ್ಯಾಲಿ ಹಾಕಿ ತೆರೆದೆ. ಕಂಪನಿ ಪಟ್ಟಿ ಖಾಲಿ. ಕೈಕಾಲು ತಣ್ಣಗಾದವು. 11ನೇ ತಾರೀಖಿನೊಳಗೆ ಜಿಎಸ್‌ಟಿಆರ್-1, ಅಂದರೆ ಮಾರಾಟದ ಜಿಎಸ್‌ಟಿ ರಿಟರ್ನ್, ಹಾಕಬೇಕಿತ್ತು.

ಕ್ವಿಕ್ ಫಾರ್ಮ್ಯಾಟ್ ಆದ ಹಾರ್ಡ್ ಡಿಸ್ಕ್‌ನಲ್ಲಿ ಯಾವ ಫೈಲ್ ಎಲ್ಲಿದೆ ಅನ್ನುವ ಪಟ್ಟಿ ಹೋಗಿರುತ್ತದೆ. ಫೈಲ್‌ಗಳು ಇನ್ನೂ ಅಲ್ಲೇ ಇರುತ್ತವೆ. ಆ ಜಾಗದ ಮೇಲೆ ಬೇರೆ ಏನಾದರೂ ಕೂತ ಮೇಲೆಯೇ ಅವು ಹೋಗುವುದು. ನನ್ನ ಲೆಕ್ಕದ ಮೇಲೆ ಮದುವೆ ವಿಡಿಯೋ ಕೂತಿತ್ತು. ರಿಕವರಿ ಮಾಡಿಸಿದರೆ ಎರಡು ಅಂಗಡಿಯದು ಸಿಕ್ಕಿತು. ಉಳಿದ ಐದರ ಫೈಲ್‌ಗಳು ಬಂದವು, ಆದರೆ ತೆರೆಯಲೇ ಇಲ್ಲ. ನಿಮಗೆ ಹೀಗೇನಾದರೂ ಆದರೆ ಆ ಕ್ಷಣವೇ ಕೇಬಲ್ ತೆಗೆದುಬಿಡಿ, ಅದಕ್ಕೆ ಒಂದು ಫೋಟೋ ಕೂಡ ಹಾಕಬೇಡಿ. ಎಸ್‌ಎಸ್‌ಡಿಯಲ್ಲಿ ಈ ಆಸೆಯೂ ಕಡಿಮೆ. ಅಳಿಸಿದ ಜಾಗವನ್ನು ಟ್ರಿಮ್ ಅನ್ನುವ ವ್ಯವಸ್ಥೆ ತಾನೇ ಖಾಲಿ ಮಾಡಿಸಿಬಿಡುತ್ತದೆ.

ಇನ್ನೊಂದು ಮಾತು. ಈಗಿನ ವಿಂಡೋಸ್ 11 ಲ್ಯಾಪ್‌ಟಾಪ್ ಆದರೆ ಡ್ರೈವ್ ಬಿಚ್ಚುವ ಮೊದಲು ಬಿಟ್‌ಲಾಕರ್ (ಡ್ರೈವ್‌ಗೆ ಬೀಗ ಹಾಕುವ ವ್ಯವಸ್ಥೆ) ಆನ್ ಇದೆಯಾ ನೋಡಿ. ಇದ್ದರೆ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಡ್ರೈವನ್ನು ಬೇರೆ ಕಂಪ್ಯೂಟರ್‌ಗೆ ಹಚ್ಚಿದರೆ ಒಳಗಿನದ್ದು ಸಿಗುವುದಿಲ್ಲ. ಹಾಗೇ, ನುಡಿ ಅನ್ನುವ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ ಹಳೇ ಪತ್ರಗಳು ಹೊಸ ವಿಂಡೋಸ್‌ನಲ್ಲಿ ವಿಚಿತ್ರ ಇಂಗ್ಲಿಷ್ ಅಕ್ಷರಗಳಾಗಿ ಕಂಡರೆ ಹೆದರಿ ಅಳಿಸಬೇಡಿ. ಫಾಂಟ್ ಬಂದಿಲ್ಲ ಅಷ್ಟೇ. ನುಡಿ ಹಾಕಿದರೆ ಸರಿಹೋಗುತ್ತದೆ.

ಈಗ ನಾನು ಪ್ರತಿ ಶನಿವಾರ ಟ್ಯಾಲಿ ಬ್ಯಾಕಪ್ ತೆಗೆದು, ಅದನ್ನು ತಮ್ಮನ ಕಂಪ್ಯೂಟರ್‌ನಲ್ಲಿ ರಿಸ್ಟೋರ್ ಮಾಡಿ, ಒಂದು ಲೆಡ್ಜರ್ ತೆರೆದು ನೋಡುತ್ತೇನೆ. ಕಾಪಿ ಆಯಿತು ಅಂತ ಸ್ಕ್ರೀನ್ ಹೇಳಿದರೆ ನಂಬುವುದಿಲ್ಲ. ಮುಂದೆ ಯಾವ ಡ್ರೈವ್ ಬದಲಿಸಿದರೂ ಹಳೆಯದನ್ನು ಎರಡು ತಿಂಗಳು ಮುಟ್ಟದೆ ಬೀರುವಿನಲ್ಲಿ ಇಡುತ್ತೇನೆ.

ಹೋದ ಐದು ಅಂಗಡಿಗಳದ್ದು ಹೇಗೆ ಮಾಡಿದೆ ಅಂದರೆ, ಮಾರಾಟವನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿದ್ದ ಹಳೇ ಜಿಎಸ್‌ಟಿಆರ್-1ರಿಂದ, ಖರೀದಿಯನ್ನು ಜಿಎಸ್‌ಟಿಆರ್-2ಬಿಯಿಂದ (ಸರಕು ಮಾರಿದವರು ತೋರಿಸಿದ ಬಿಲ್‌ಗಳ ಪಟ್ಟಿ) ಮತ್ತೆ ಹತ್ತಿಸಿದೆ. ವಾರ್ಷಿಕ ರಿಟರ್ನ್‌ನ ಕೊನೇ ದಿನದಿಂದ 72 ತಿಂಗಳು ಲೆಕ್ಕ ಉಳಿಸಿಕೊಳ್ಳಲೇಬೇಕು ಅಂತ ಕಾನೂನೇ ಇದೆ, ಬಿಡುವ ಹಾಗಿರಲಿಲ್ಲ. ಆದರೆ ಹಮಾಲಿ, ಚೀಲದ ದುಡ್ಡು, ಗಾಡಿ ಬಾಡಿಗೆ, ಇಂಥ ನಗದು ಖರ್ಚು ಯಾವ ಪೋರ್ಟಲ್‌ನಲ್ಲೂ ಇಲ್ಲ. ಬ್ಯಾಡಗಿಯ ವ್ಯಾಪಾರಿ ನನ್ನನ್ನು ಬೈಯಲಿಲ್ಲ. ಕೆಂಪು ಬಟ್ಟೆ ಹೊದಿಕೆಯ ಕಿರ್ದಿ ಪುಸ್ತಕ ಹಿಡಿದುಕೊಂಡು ಮನೆಗೇ ಬಂದರು. ಹಾಳೆ ತಿರುವಿದರೆ ಮೆಣಸಿನಕಾಯಿ ಘಾಟು. ನಾಲ್ಕು ಸಂಜೆ ಅವರು ಓದಿದರು, ನಾನು ಸೀನುತ್ತಾ ಟೈಪ್ ಮಾಡಿದೆ.